ಹಳೇ ಪಿಕಪ್ ಕೊಂಡ ಕಥೆ: ಮೀಟರ್ ಆಮೇಲೆ, ಮೊದಲು ಹಿಂದಿನ ಬಾಡಿ ನೋಡಿ

ಹಳೇ ಪಿಕಪ್ ಅಂದ ಕೂಡಲೇ ಎಲ್ಲರೂ ಕೇಳುವುದು ಎರಡೇ. ಯಾವ ಮಾಡೆಲ್? ಎಷ್ಟು ಓಡಿದೆ? ನಾನೂ ಅಣ್ಣನೂ ಹೋದ ವರ್ಷ ಗಾಡಿ ಹುಡುಕಿಕೊಂಡು ಕಲಬುರಗಿ, ಬೀದರ್ ಅಂತ ಸುತ್ತಿದೆವು. ಸುತ್ತಿದ ಮೇಲೆ ನನಗೆ ಅನಿಸಿದ್ದು, ಮೊದಲು ಕೇಳಬೇಕಾದದ್ದು ಇವೆರಡೂ ಅಲ್ಲ. ಈ ಗಾಡಿ ಇಷ್ಟು ವರ್ಷ ಏನು ಹೊತ್ತಿದೆ? ಅದು ಗೊತ್ತಾದರೆ ಉಳಿದದ್ದು ಅರ್ಧ ಗೊತ್ತಾದ ಹಾಗೆ. ಬೇರೆ ಕಡೆ ಹೇಗೋ ಏನೋ, ನಮ್ಮ ಜಿಲ್ಲೆಯಲ್ಲಂತೂ ಇದು ಖರೆ. ಇಲ್ಲಿ ಶಹಾಬಾದ್ ಕಲ್ಲಿದೆ, ವಾಡಿ, ಸೇಡಂ ಕಡೆ ಸಿಮೆಂಟ್ ಇದೆ, ಭೀಮಾ ನದಿಯ ಮರಳಿದೆ. ಇವುಗಳಲ್ಲಿ ಯಾವುದನ್ನು ದಿನಾ ಹೊತ್ತರೂ ಪಿಕಪ್ ಬೇಗ ಮುದಿಯಾಗುತ್ತದೆ, ಮೀಟರ್ ಏನೇ ತೋರಿಸಲಿ.

ನಮ್ಮದು ಕಮಲಾಪುರದ ಹತ್ತಿರ ಊರು. ಒಂದಿಷ್ಟು ಕೆಂಪು ಬಾಳೆ ಇದೆ, ಜಿಐ ಟ್ಯಾಗ್ ಸಿಕ್ಕಿರುವ ಅದೇ ಬಾಳೆ. ಉಳಿದ ಹೊಲದಲ್ಲಿ ತೊಗರಿ. ಬಾಳೆಗೊನೆ ಕಲಬುರಗಿಗೆ ಹೋಗಬೇಕು, ತೊಗರಿ ಗಂಜ್ ಮಾರುಕಟ್ಟೆಗೆ ಹೋಗಬೇಕು, ಬರುವಾಗ ಗೊಬ್ಬರ ಬರಬೇಕು. ಎಲ್ಲಕ್ಕೂ ಬಾಡಿಗೆ ಗಾಡಿ. ರಾಶಿ ಹೊತ್ತಿನಲ್ಲಿ, ಅಂದರೆ ಡಿಸೆಂಬರ್ ಜನವರಿಯಲ್ಲಿ, ಬಾಡಿಗೆ ಗಾಡಿಯವರು ಫೋನೇ ಎತ್ತುವುದಿಲ್ಲ. ಎತ್ತಿದರೂ ಹೇಳಿದ್ದೇ ರೇಟು. ಹೊಸ ಗಾಡಿ ಕೊಳ್ಳಲು ಕಂತಿನ ಲೆಕ್ಕ ಹಾಕಿದೆವು, ವರ್ಷದಲ್ಲಿ ನಾಲ್ಕು ತಿಂಗಳು ಸುಮ್ನೆ ಮನೆ ಮುಂದೆ ನಿಲ್ಲುವ ಗಾಡಿಗೆ ತಿಂಗಳು ತಿಂಗಳು ಅಷ್ಟು ದುಡ್ಡು ಕಟ್ಟುವುದು ಬೇಡ ಅನಿಸಿತು. ಹಳೆಯದೇ ಸಾಕು ಅಂತ ಆಯಿತು.

ಯಾವ ಗಾಡಿ ಅನ್ನೋದರ ಮೇಲೆ ಮನೆಯಲ್ಲಿ ಜಾಸ್ತಿ ಜಗಳ ಆಗಲಿಲ್ಲ. ಟಾಟಾ ಏಸ್, ನಮ್ಮವರೆಲ್ಲ ಛೋಟಾ ಹಾಥಿ ಅನ್ನುವ ಗಾಡಿ, ಊರೊಳಗಿನ ಸಣ್ಣ ಸಂದಿಗೆ ಬಹಳ ಒಳ್ಳೆಯದು. ಆದರೆ ಮುಕ್ಕಾಲು ಟನ್ನಿನ ಗಾಡಿಗೆ ಹತ್ತು ಹನ್ನೆರಡು ಕ್ವಿಂಟಲ್ ತೊಗರಿ ಹೇರುವುದು ಗಾಡಿಗೂ ಕಷ್ಟ, ನಮಗೂ ಕಷ್ಟ. ಅಶೋಕ್ ಲೇಲ್ಯಾಂಡ್ ದೋಸ್ತ್ ಮತ್ತು ಬೊಲೆರೊ ಪಿಕಪ್, ಇವೆರಡೇ ಉಳಿದವು. ದೋಸ್ತ್‌ನಲ್ಲಿ ಕೂತರೆ ಮೈಕೈ ನೋವು ಕಮ್ಮಿ, ಒಂದೂವರೆ ಲೀಟರಿನ ಮೂರು ಸಿಲಿಂಡರ್ ಎಂಜಿನ್, ಡೀಸೆಲ್ ಕಮ್ಮಿ ಕುಡಿಯುತ್ತದೆ ಅಂತ ಓಡಿಸುವವರು ಹೇಳುತ್ತಾರೆ. ಬೊಲೆರೊದು ಎರಡೂವರೆ ಲೀಟರ್, ನಾಲ್ಕು ಸಿಲಿಂಡರ್. ಮಳೆಗಾಲದಲ್ಲಿ ನಮ್ಮ ಕರಿಮಣ್ಣಿನ ದಾರಿಯಲ್ಲಿ ಸಿಕ್ಕಿಕೊಂಡಾಗ ಆ ತಾಕತ್ತು ಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಬೊಲೆರೊ ಬಿಚ್ಚಿ ಕೂಡಿಸಬಲ್ಲ ಮಿಸ್ತ್ರಿ ಕಮಲಾಪುರದಲ್ಲೂ ಸಿಗುತ್ತಾನೆ, ಹುಮನಾಬಾದ್‌ನಲ್ಲೂ ಸಿಗುತ್ತಾನೆ. ಹಳೇ ಗಾಡಿಗೆ ಇದು ಮೈಲೇಜ್‌ಗಿಂತ ಮುಖ್ಯ ಅಂತ ನನ್ನ ಲೆಕ್ಕ.

ಬಿಎಸ್4 ಬೇಕೋ ಬಿಎಸ್6 ಬೇಕೋ ಅನ್ನುವುದು ಇನ್ನೊಂದು ಪ್ರಶ್ನೆ. ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಿತಿಗಳು ಇವು. 2017ರ ಏಪ್ರಿಲ್‌ನಿಂದ ದೇಶದೆಲ್ಲೆಡೆ ಬಿಎಸ್4, 2020ರ ಏಪ್ರಿಲ್‌ನಿಂದ ಬಿಎಸ್6. ಬಿಎಸ್6 ಡೀಸೆಲ್‌ನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಗಾಡಿ ಸ್ವಲ್ಪ ದೂರ ಬಿಸಿಯಾಗಿ ಓಡಿದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಊರಿಂದ ಹೊಲ, ಹೊಲದಿಂದ ಊರು ಅಂತ ಬರೀ ತುಂಡು ಓಡಾಟವಾದರೆ ಕಟ್ಟಿಕೊಳ್ಳುತ್ತದೆ, ಮೀಟರ್ ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಆಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡವನ ಹತ್ತಿರವೇ ಹೋಗಬೇಕು. ನಮ್ಮದು ಹೆಚ್ಚು ತುಂಡು ಓಡಾಟವೇ. ಅದಕ್ಕೆ 2017ರಿಂದ 2020ರ ನಡುವಿನ ಬಿಎಸ್4 ನೋಡೋಣ ಅಂತ ನಿರ್ಧರಿಸಿದೆವು. ದಿನಾ ಹೈದರಾಬಾದ್ ಲೈನ್ ಹೊಡೆಯುವವರಾಗಿದ್ದರೆ ನಾನು ಬಿಎಸ್6ಗೇ ಹೋಗುತ್ತಿದ್ದೆ.

ನೋಡಲು ಹೋಗುವಾಗ ಜೊತೆಗೆ ಒಬ್ಬ ಮಿಸ್ತ್ರಿ ಬೇಕೇ ಬೇಕು. ನಮಗೆ ಸಿಕ್ಕಿದ್ದು ಕಲಬುರಗಿ ರಿಂಗ್ ರೋಡಿನ ಕಡೆ ಸಣ್ಣ ಗ್ಯಾರೇಜ್ ಇಟ್ಟುಕೊಂಡಿರುವ ಒಬ್ಬ ಉಸ್ತಾದ್. ವಯಸ್ಸಾದವರು, ಮಾತು ಕಮ್ಮಿ. ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋದೆವು, ಕಮಿಷನ್ ಮೇಲೆ ಅಲ್ಲ. ಸೌದಾ ಆದರೆ ಇಷ್ಟು ಅಂತ ಮಾತಾಡಿದರೆ ಮಿಸ್ತ್ರಿಗೂ ಸೌದಾ ಆಗಲಿ ಅನಿಸಿಬಿಡುತ್ತದೆ, ಅಲ್ವಾ?

ಮೊದಲು ನೋಡಿದ್ದು ಕಲಬುರಗಿಯದೇ ಗಾಡಿ, ಕೆಎ 32. 2018ರ ಮಾಡೆಲ್. ಮೀಟರಿನಲ್ಲಿ ಅರವತ್ತು ಸಾವಿರ ಚಿಲ್ಲರೆ. ಹೊಸ ಪೇಂಟು, ಹೊಸ ಸೀಟ್ ಕವರು, ಬಂಪರಿಗೆ ಹೊಸ ರೇಡಿಯಂ. ಅಣ್ಣನಿಗೆ ನೋಡಿದ ಕೂಡಲೇ ಹಿಡಿಸಿತು. ಮಾರುವವನು ದಲಾಲ, ಮಾಲೀಕ ಅಲ್ಲ. 'ಸಿಂಗಲ್ ಓನರ್ ಅದ್ರಿ, ಬರೇ ಕಾಯಿಪಲ್ಲೆ ಹಾಕ್ಯಾರ' ಅಂದ.

ಉಸ್ತಾದ್ ಎಂಜಿನ್ ಕಡೆ ಹೋಗಲೇ ಇಲ್ಲ. ಹಿಂದೆ ಹೋಗಿ ಬಾಡಿಯೊಳಗೆ ಹತ್ತಿ ಕೂತರು. ತಳದ ತಗಡಿಗೆ ದಪ್ಪಗೆ ಪೇಂಟ್ ಹೊಡೆದಿದ್ದರು. ಆದರೆ ಪೇಂಟ್ ಕೆಳಗೆ ತಗಡು ಅಲ್ಲಲ್ಲಿ ಒಳಕ್ಕೆ ಕುಳಿ ಬಿದ್ದಿದ್ದು ಕೈಯಾಡಿಸಿದರೆ ಗೊತ್ತಾಗುತ್ತಿತ್ತು. ಕಾಯಿಪಲ್ಲೆ ಚೀಲ ಹಾಕಿದರೆ ತಗಡಿಗೆ ಕುಳಿ ಬೀಳುವುದಿಲ್ಲ. ಹಿಂದಿನ ಬಾಗಿಲಿನ ಕೀಲಿನ ಸಂದಿಯಲ್ಲಿ ಸ್ಕ್ರೂಡ್ರೈವರ್ ಹಾಕಿ ಕೆದಕಿದರು. ಬೂದು ಬಣ್ಣದ ಪುಡಿ ಉದುರಿತು. ಅದನ್ನು ಅಂಗೈಯಲ್ಲಿ ಹಾಕಿಕೊಂಡು ನನ್ನ ಕಡೆ ಚಾಚಿದರು. 'ಇದು ಫರಸಿ ಕಲ್ಲಿನ ಪುಡಿ ತಮ್ಮಾ. ಕಲ್ಲು ಹೊಡದಾರ.'

ಆಮೇಲೆ ಕೆಳಗೆ ಮಲಗಿದರು, ನನ್ನನ್ನೂ ಮಲಗಿಸಿದರು. ಹಿಂದಿನ ಸ್ಪ್ರಿಂಗ್ ಪಾಟಾಗಳಲ್ಲಿ, ಅಂದರೆ ಭಾರ ತಡೆಯಲು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಲ್ಲಿ, ಕಂಪನಿಯಿಂದ ಬಂದವು ಒಂದು ಬಣ್ಣ, ಮೇಲೆ ಸೇರಿಸಿದ್ದು ಇನ್ನೊಂದು ಬಣ್ಣ. ಎರಡೂ ಕಡೆ ಹೆಚ್ಚಿನ ಪಾಟಾ ಹಾಕಿಸಿದ್ದರು. ಅಂದರೆ ಗಾಡಿಗೆ ಹೇಳಿದ್ದಕ್ಕಿಂತ ಜಾಸ್ತಿ ತೂಕ ಹೇರುವ ಉದ್ದೇಶ ಮೊದಲೇ ಇತ್ತು. ಸ್ಪ್ರಿಂಗ್ ಕೂರುವ ಬ್ರಾಕೆಟ್ ಹತ್ತಿರ ಚಾಸಿಗೆ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ, ಒಂದು ಪಟ್ಟಿ ಇಟ್ಟು ವೆಲ್ಡಿಂಗ್ ಮಾಡಿದ್ದರು, ಅದರ ಮೇಲೆ ಕರಿ ಪೇಂಟ್. ಚಾಸಿಯ ಉಳಿದ ಭಾಗವೆಲ್ಲ ಧೂಳು ಹಿಡಿದು ಮಾಸಿದ್ದರೂ ಆ ಗೇಣುದ್ದ ಜಾಗ ಮಾತ್ರ ಹೊಸದಾಗಿತ್ತು. ಹೀಗೆ ಒಂದೇ ಕಡೆ ಹೊಸ ಕರಿ ಬಣ್ಣ ಕಂಡರೆ ಅಲ್ಲಿ ಬಿರುಕು ಬಿಟ್ಟಿತ್ತು ಅಂತಲೇ ತಿಳಿದುಕೊಳ್ಳಿ.

ಕೊನೆಗೆ ಟೇಪು ತೆಗೆದರು. ಮುಂದಿನ ಚಕ್ರದ ನಡುಮಧ್ಯದಿಂದ ಹಿಂದಿನ ಚಕ್ರದ ನಡುಮಧ್ಯಕ್ಕೆ ಎಡಗಡೆ ಒಂದು ಅಳತೆ, ಬಲಗಡೆ ಒಂದು ಅಳತೆ. ಸ್ಟೇರಿಂಗ್ ನೆಟ್ಟಗಿಟ್ಟು, ಸಮನಾದ ನೆಲದಲ್ಲಿ ಗಾಡಿ ನಿಲ್ಲಿಸಿ ಅಳೆಯಬೇಕು. ಎರಡೂ ಒಂದೇ ಬರಬೇಕು. ಇಲ್ಲಿ ಎರಡು ಬೆರಳಿನಷ್ಟು ವ್ಯತ್ಯಾಸ. ಒಂದೋ ಹಿಂದಿನ ಆಕ್ಸಲ್ ಸರಿದಿದೆ, ಇಲ್ಲ ಚಾಸಿಯೇ ತಿರುಚಿದೆ. ದಲಾಲನಿಗೂ ಅರ್ಥವಾಯಿತು. 'ಇಪ್ಪತ್ತು ಸಾವಿರ ಕಮ್ಮಿ ಮಾಡ್ತೀನ್ರಿ' ಅಂದ. ಕಮ್ಮಿ ಮಾಡುವಂಥದ್ದೇ ಅಲ್ಲ ಅದು. ಎಂಜಿನ್ ಹೋದರೆ ದುಡ್ಡು ಹಾಕಿ ಕಟ್ಟಿಸಬಹುದು, ಕ್ಲಚ್ ಹೋದರೆ ಹೊಸದು ಹಾಕಬಹುದು. ಚಾಸಿ ಹೋದ ಗಾಡಿಯನ್ನು ಎಷ್ಟು ಕಮ್ಮಿಗೆ ತಗೊಂಡರೂ ತಲೆನೋವೇ.

ಅಂದಿನಿಂದ ನಾನು ಎಲ್ಲಿ ಪಿಕಪ್ ನಿಂತಿದ್ದರೂ ಹಿಂದಿನ ಬಾಡಿ ಬಗ್ಗಿ ನೋಡುವ ಚಟ ಹಚ್ಚಿಕೊಂಡಿದ್ದೇನೆ. ಪ್ರತಿ ಸರಕೂ ತನ್ನ ಗುರುತು ಬಿಟ್ಟಿರುತ್ತದೆ. ಗ್ಯಾಸ್ ಸಿಲಿಂಡರ್ ಹೊತ್ತ ಗಾಡಿಯ ತಳದಲ್ಲಿ ಉಂಗುರ ಉಂಗುರವಾಗಿ ಗೀರು. ಹಾಲಿನ ಕ್ರೇಟ್ ಎಳೆದಾಡಿದ ಗಾಡಿಯಲ್ಲಿ ಉದ್ದುದ್ದ ಗೀಟು. ದನ, ಆಡು ಸಾಗಿಸಿದ ಗಾಡಿಯಲ್ಲಿ ಗಂಜಲ ಇಳಿದು ತಗಡಿನ ಅಂಚು, ಮೂಲೆ ತುಕ್ಕು ಹಿಡಿದಿರುತ್ತದೆ, ಸಂದಿಯಲ್ಲಿ ಹುಲ್ಲಿನ ಕಡ್ಡಿ. ಹಸಿ ಮರಳು ಹೊತ್ತದ್ದು ತಳದಿಂದಲೇ ತುಕ್ಕು. ಸಿಮೆಂಟ್ ಆದರೆ ಮೂಲೆಗಳಲ್ಲಿ ಗಟ್ಟಿ ಹೆಪ್ಪು, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಪೇಂಟ್ ಹೊಡೆದು ಮುಚ್ಚಿದ್ದರೆ ಬಾಗಿಲಿನ ಕೀಲು, ಕೊಂಡಿ, ಬಾಡಿಯ ಅಡಿಭಾಗ ನೋಡಿ. ಅಲ್ಲಿ ಯಾರೂ ಪೇಂಟ್ ಹೊಡೆಯುವುದಿಲ್ಲ.

ಹೈದರಾಬಾದ್ ಗಾಡಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಫೈನಾನ್ಸಿನವರು ಕಂತು ಕಟ್ಟದ್ದಕ್ಕೆ ಎತ್ತಿಕೊಂಡು ಬಂದ ಗಾಡಿಗಳು ಅಲ್ಲಿ ಯಾರ್ಡಿನಲ್ಲಿ ಸಾಲಾಗಿ ನಿಂತಿರುತ್ತವೆ, ರೇಟು ಕಮ್ಮಿ ಅಂತ ನಮ್ಮ ಕಡೆಯವರು ಬಹಳ ಜನ ತರುತ್ತಾರೆ. ಸ್ವಲ್ಪ ಲೆಕ್ಕ ಹಾಕಿ. ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರಲ್ಲಿ, ಗಾಡಿ ಬೇರೆ ರಾಜ್ಯಕ್ಕೆ ಒಯ್ಯಲು ತಕರಾರಿಲ್ಲ ಅನ್ನುವ ಎನ್‌ಒಸಿ ತರಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಬೇಕು, ಹೊಸ ನಂಬರ್ ಆಗಬೇಕು. ಅಷ್ಟರಲ್ಲಿ ಕಮ್ಮಿ ರೇಟಿನ ಖುಷಿ ಅರ್ಧ ಇಳಿದಿರುತ್ತದೆ. ಜೊತೆಗೆ ನೀರಿನ ಭಯ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್‌ನಲ್ಲಿ ನೆರೆ ಬಂದು ಎಷ್ಟೋ ಗಾಡಿಗಳು ಮುಳುಗಿದ್ದವು. ಅದೇ ತಿಂಗಳು ನಮ್ಮ ಭೀಮಾ ದಂಡೆಯ ಅಫಜಲಪುರ, ಜೇವರ್ಗಿ ಕಡೆಯೂ ಊರೊಳಗೆ ನೀರು ಬಂದಿತ್ತು, ಹೀಗಾಗಿ ಬರೀ ಹೈದರಾಬಾದಿಗೆ ಹೆಸರಿಡುವ ಹಾಗಿಲ್ಲ. ಸೀಟಿನ ಕೆಳಗಿನ ಹಳಿ ತುಕ್ಕು ಹಿಡಿದಿದೆಯಾ, ಹೆಡ್‌ಲೈಟಿನ ಒಳಗೆ ಮಣ್ಣಿನ ಗೆರೆ ಇದೆಯಾ, ಡ್ಯಾಶ್‌ಬೋರ್ಡ್ ಕೆಳಗಿನ ವೈರುಗಳ ಸಂದಿಯಲ್ಲಿ ಒಣಗಿದ ಕೆಸರು ಇದೆಯಾ, ಇಷ್ಟು ನೋಡಿದರೆ ಸಾಕು.

ಕೊನೆಗೆ ಗಾಡಿ ಸಿಕ್ಕಿದ್ದು ಬೀದರ್‌ನಲ್ಲಿ. ನೌಬಾದ್ ಕಡೆ ಒಬ್ಬರು ಬ್ರೆಡ್, ಬಿಸ್ಕೀಟಿನ ಏಜೆನ್ಸಿ ಇಟ್ಟುಕೊಂಡಿದ್ದರು. ಕೆಎ 38, 2019ರ ಮಾಡೆಲ್. ಓಡಿದ್ದು ಒಂದು ಲಕ್ಷ ನಲವತ್ತು ಸಾವಿರಕ್ಕೂ ಮೇಲೆ. ಅಣ್ಣ ಮೀಟರ್ ನೋಡಿ ಅಲ್ಲೇ ಮುಖ ಸಿಂಡರಿಸಿದ. ಪೇಂಟ್ ಮಾಸಿತ್ತು, ಎಡಗಡೆ ಬಾಗಿಲಿಗೆ ಒಂದು ಗೀರು ಬಿದ್ದಿತ್ತು. ಆದರೆ ಹಿಂದಿನ ಬಾಡಿ ನೋಡಿದರೆ ತಳದ ತಗಡು ಸಪಾಟಾಗಿತ್ತು. ಕ್ರೇಟ್ ಎಳೆದ ಸಣ್ಣ ಗೀಟು ಬಿಟ್ಟರೆ ಏನೂ ಇಲ್ಲ. ಬಾಡಿ ಮೇಲೆ ಮುಚ್ಚಿದ ಡಬ್ಬಿ ಕಟ್ಟಿಸಿದ್ದರು, ಮಳೆ ನೀರೂ ಬಿದ್ದಿರಲಿಲ್ಲ. ಕೆಳಗೆ ಪಾಟಾ ಎಲ್ಲ ಕಂಪನಿಯವೇ. ಎಡ ಬಲ ಅಳತೆ ಒಂದೇ ಬಂತು.

'ಸಾಹುಕಾರ್ರ, ಬ್ಯಾರೆ ಏನಾದ್ರೂ ಹಾಕೀರೇನ್ರಿ ಇದ್ರಾಗ?' ಅಂತ ಉಸ್ತಾದ್ ಕೇಳಿದರು.

'ನಮ್ಮ ಮಗಳ ಲಗ್ನದಾಗ ಒಮ್ಮೆ ಸಾಮಾನು ಹಾಕೀವ್ರಿ. ಅದು ಬಿಟ್ರ ಬ್ರೆಡ್ಡು, ಬಿಸ್ಕೀಟು' ಅಂದರು ಅವರು. ಬ್ರೆಡ್ಡಿನ ಗಾಡಿ ತುಂಬಿದರೂ ತೂಕ ಎಷ್ಟು? ಕಿಲೋಮೀಟರ್ ಜಾಸ್ತಿ, ಭಾರ ಕಮ್ಮಿ. ಓಡಿಸಿದ್ದೂ ಒಬ್ಬನೇ ಡ್ರೈವರ್.

ಹಿಂದಿನ ದಿನವೇ ಫೋನ್ ಮಾಡಿ, ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿದ್ದೆವು. ಇದನ್ನು ಹೇಳಲೇಬೇಕು. ಬಿಸಿ ಎಂಜಿನ್ ಎಲ್ಲವನ್ನೂ ಮುಚ್ಚಿಡುತ್ತದೆ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಬಂಡವಾಳ ಹೊರಗೆ ಬರುತ್ತದೆ. ಬಾನೆಟ್ ಎತ್ತಿ ಎಂಜಿನ್ ಮುಟ್ಟಿ ನೋಡಿದೆವು, ತಣ್ಣಗಿತ್ತು. ರೇಡಿಯೇಟರ್ ಮುಚ್ಚಳ ತೆಗೆದೆವು. ಇದು ತಣ್ಣಗಿದ್ದಾಗ ಮಾತ್ರ, ಬಿಸಿ ಇದ್ದಾಗ ತೆಗೆದರೆ ಮುಖ ಸುಡುತ್ತದೆ. ನೀರಿನ ಮೇಲೆ ಎಣ್ಣೆ ತೇಲುತ್ತಿರಲಿಲ್ಲ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಕಪ್ಪಗಿತ್ತು. ಡೀಸೆಲ್ ಗಾಡಿಯ ಆಯಿಲ್ ಬೇಗ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಹೆದರಿ, ಆಯಿಲ್ಲಿಗೆ ನೀರು ಸೇರಿದೆ ಅಂತ ಅರ್ಥ.

ಒಂದೇ ಸಲ ಸೆಲ್ಫ್ ಹೊಡೆದದ್ದಕ್ಕೆ ಸ್ಟಾರ್ಟ್ ಆಯಿತು. ಹೊಗೆ ನೋಡಲು ಉಸ್ತಾದ್ ಸೈಲೆನ್ಸರ್ ಹಿಂದೆ ನಿಂತರು, ನಾನು ಆಕ್ಸಲರೇಟರ್ ಒತ್ತಿದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಕಪ್ಪು ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿದ್ದರೂ ಹೀಗಾಗುತ್ತದೆ, ಇಂಜೆಕ್ಟರ್ ಕೆಟ್ಟಿದ್ದರೂ ಆಗುತ್ತದೆ. ಮೊದಲನೆಯದು ಅಗ್ಗದ ಕೆಲಸ, ಎರಡನೆಯದು ಕೈ ಸುಡುತ್ತದೆ. ಬೆಳಗಿನ ಸ್ವಲ್ಪ ಬಿಳಿ ಹೊಗೆ ಪರವಾಗಿಲ್ಲ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಬೇಡ. ನಮ್ಮ ಗಾಡಿಯಲ್ಲಿ ಜೋರಾಗಿ ಒತ್ತಿದಾಗ ಕೊಂಚ ಕಪ್ಪು ಬಂತು. ಆಮೇಲೆ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ಮೇಲೆ ಇಟ್ಟರು. ಮುಚ್ಚಳ ಸಣ್ಣಗೆ ನಡುಗಿತು, ಅಷ್ಟೇ. ಅದು ಕುಣಿದು ಹಾರಿದರೆ, ಅಥವಾ ಅಲ್ಲಿಂದ ಬುಸುಬುಸು ಹೊಗೆ ಬಂದರೆ, ಪಿಸ್ಟನ್ ರಿಂಗ್ ಸವೆದಿದೆ.

ಓಡಿಸಿ ನೋಡುವುದು ಖಾಲಿ ಗಾಡಿಯಲ್ಲಿ ಆಗಬಾರದು. ಖಾಲಿ ಪಿಕಪ್ ಎಲ್ಲವೂ ಚೆನ್ನಾಗಿಯೇ ಓಡುತ್ತವೆ. ಸಾಹುಕಾರ್ರ ಗೋಡೌನಿನಲ್ಲಿ ಸಕ್ಕರೆ ಚೀಲ ಇದ್ದವು, ಕೇಳಿಕೊಂಡು ಹತ್ತು ಕ್ವಿಂಟಲ್ ಹಾಕಿಸಿದೆವು. ಹಮಾಲರಿಗೆ ಚಹಾ ಖರ್ಚು ನಮ್ಮದು. ಊರ ಹೊರಗಿನ ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಲರೇಟರ್ ಒತ್ತಿದಾಗ ಎಂಜಿನ್ ಮಾತ್ರ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ನಮ್ಮದು ಎಳೆಯಿತು, ಆದರೆ ಪೆಡಲ್ ಬಹಳ ಮೇಲೆ ಬಂದ ಮೇಲೆ ಕ್ಲಚ್ ಹಿಡಿಯುತ್ತಿತ್ತು. ಇನ್ನು ಸ್ವಲ್ಪ ದಿನದ ಕ್ಲಚ್ ಅಂತ ಉಸ್ತಾದ್ ಚೀಟಿಯಲ್ಲಿ ಬರೆದುಕೊಂಡರು. ಆಕ್ಸಲರೇಟರ್ ಬಿಟ್ಟಾಗ ಹಿಂದಿನಿಂದ ಗುಂಯ್ ಅಂತ ಸದ್ದು ಬಂದರೆ ಹೌಸಿಂಗ್, ಅಂದರೆ ಹಿಂದಿನ ಆಕ್ಸಲ್ ನಡುವಿನ ಗೇರುಗಳ, ಕೆಲಸ ಇದೆ. ಅದು ಬರಲಿಲ್ಲ. ಬ್ರೇಕ್ ಹೊಡೆದಾಗ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಟೈರಿನ ಮೇಲಿನ ನಾಲ್ಕು ಅಂಕಿ ಓದಿದೆವು, ಮೊದಲೆರಡು ವಾರ, ಕೊನೆಯೆರಡು ವರ್ಷ. ಹಿಂದಿನ ಟೈರುಗಳು ಹಳೆಯವು, ಗೋಟು, ಅಂದರೆ ಟೈರಿನ ಹಲ್ಲು, ಇದ್ದರೂ ಪಕ್ಕದಲ್ಲಿ ಸೀಳು ಬಿಟ್ಟಿದ್ದವು.

ಈ ಚೀಟಿಯೇ ನಮಗೆ ರೇಟು ಇಳಿಸಲು ಸಹಾಯ ಮಾಡಿದ್ದು. ಕ್ಲಚ್, ಎರಡು ಟೈರ್, ಬ್ರೇಕ್ ಅಂತ ಒಂದೊಂದಕ್ಕೂ ಇಷ್ಟಿಷ್ಟು ಅಂತ ಬರೆದು ಮುಂದಿಟ್ಟೆವು. ಸುಮ್ನೆ 'ಜಾಸ್ತಿ ಆಯ್ತ್ರಿ, ಕಮ್ಮಿ ಮಾಡ್ರಿ' ಅಂದರೆ ಅವರೂ ಸುಮ್ನೆ 'ಇಲ್ರಿ' ಅನ್ನುತ್ತಾರೆ. ಐದು ಲಕ್ಷದ ಮೇಲೆ ಹೇಳಿದ್ದ ಗಾಡಿ 4 ಲಕ್ಷ 60 ಸಾವಿರಕ್ಕೆ ಬಂತು.

ಕಾಗದದ ಕಡೆ ನಾನೇ ಕೂತೆ. ಆರ್‌ಸಿ ನಂಬರನ್ನು ಸರ್ಕಾರದ ಆ್ಯಪ್ ಎಂ-ಪರಿವಾಹನ್‌ನಲ್ಲಿ ಹಾಕಿ ನೋಡಿದರೆ ಎಷ್ಟನೇ ಮಾಲೀಕ, ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಫಿಟ್ನೆಸ್ ಸರ್ಟಿಫಿಕೇಟ್) ಯಾವಾಗಿನ ತನಕ, ಇನ್ಶೂರೆನ್ಸ್ ಇದೆಯಾ, ಸಾಲ ಇದೆಯಾ ಅನ್ನುವುದೆಲ್ಲ ತಿಳಿಯುತ್ತದೆ. ದಂಡ ಬಾಕಿ ಇದೆಯಾ ಅಂತ ಬೇರೆ ನೋಡಬೇಕು. ಎಫ್‌ಸಿ ಬಗ್ಗೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಅಂದರೆ ಏಳು ವರ್ಷದ ಗಾಡಿ ಕೊಂಡರೆ ಮುಂದಿನ ವರ್ಷದಿಂದ ಪ್ರತಿ ವರ್ಷ ಆ ಖರ್ಚು, ಆ ಓಡಾಟ. ಆರ್‌ಸಿಯಲ್ಲಿ ಖಾಲಿ ತೂಕ ಮತ್ತು ಒಟ್ಟು ತೂಕ ಎರಡೂ ಇರುತ್ತದೆ. ಕಳೆದರೆ ಎಷ್ಟು ಹೇರಬಹುದು ಅನ್ನುವುದು ಸಿಗುತ್ತದೆ, ದಲಾಲ ಹೇಳುವ ಟನ್ ನಂಬಬೇಕಿಲ್ಲ. ಒಟ್ಟು ತೂಕ 3,000 ಕೆಜಿ ದಾಟದ ಸರಕಿನ ಗಾಡಿಗೆ ಪರ್ಮಿಟ್ ಬೇಡ, ದಾಟಿದರೆ ಬೇಕು. ಒಂದೇ ಹೆಸರಿನ ಪಿಕಪ್‌ನಲ್ಲೇ ಬೇರೆ ಬೇರೆ ತೂಕದವು ಇರುವುದರಿಂದ ಇದನ್ನು ಆರ್‌ಸಿಯಲ್ಲೇ ನೋಡಬೇಕು. ಲೈಸೆನ್ಸ್ ವಿಷಯಕ್ಕೆ ಅಣ್ಣನಿಗೆ ಅನುಮಾನ ಇತ್ತು, ಅವನದು ಬರೀ ಹಗುರ ವಾಹನದ, ಅಂದರೆ ಎಲ್‌ಎಂವಿ. ಎಲ್‌ಎಂವಿ ಇದ್ದವರು ಒಟ್ಟು ತೂಕ 7,500 ಕೆಜಿಯೊಳಗಿನ ಬಾಡಿಗೆ ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ, ಹೀಗಾಗಿ ಆ ಚಿಂತೆ ಹೋಯಿತು.

ಗಾಡಿ ಮೇಲೆ ಸಾಲ ತೀರಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಹಾಗೇ ಇತ್ತು. 'ಸಾಲ ತೀರ್ಯಾದ್ರಿ, ಏನೂ ಇಲ್ಲ' ಅಂದರು ಸಾಹುಕಾರ್ರು. ತೀರಿದ್ದು ಖರೆ, ಆದರೂ ಬ್ಯಾಂಕಿನ ಎನ್‌ಒಸಿ ಮತ್ತು ಬ್ಯಾಂಕಿನ ಹೆಸರು ತೆಗೆಸಲು ಬೇಕಾದ, ಸಹಿ ಮಾಡಿದ ಫಾರ್ಮ್ 35 ಕೈಗೆ ಬರುವ ತನಕ ನಾವು ಟೋಕನ್ ಬಿಟ್ಟು ಹೆಚ್ಚಿಗೆ ಕೊಡಲಿಲ್ಲ. ಅದು ಬರಲು ಸ್ವಲ್ಪ ದಿನ ಹಿಡಿಯಿತು. ಬಂದ ಮೇಲೆ ಉಳಿದ ದುಡ್ಡು ಬ್ಯಾಂಕ್ ಮೂಲಕ. ಗಾಡಿ ನಮ್ಮ ಹೆಸರಿಗೆ ಮಾಡುವ ಫಾರ್ಮ್ 29, ಫಾರ್ಮ್ 30ಕ್ಕೆ ಅವರೇ ನಮ್ಮ ಮುಂದೆ ಸಹಿ ಮಾಡಿದರು. ದಲಾಲರ ಹತ್ತಿರ ಮೊದಲೇ ಸಹಿ ಮಾಡಿಟ್ಟ ಖಾಲಿ ಫಾರ್ಮ್ ಇರುತ್ತವೆ, ಅವನ್ನು ನಾನು ಮುಟ್ಟುವುದಿಲ್ಲ. ಆನ್‌ಲೈನ್ ಅರ್ಜಿ ಹಾಕುವಾಗ ಮಾರುವವರ ಮೊಬೈಲಿಗೆ ಒಟಿಪಿ ಹೋಗುತ್ತದೆ. ಆ ಮನುಷ್ಯನೇ ಸಿಗದಿದ್ದರೆ ಸಹಿ ಇಟ್ಟುಕೊಂಡು ಏನು ಮಾಡುವುದು? ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದೆವು. ಒಂದೊಂದು ಅಕ್ಷರ ಆರ್‌ಸಿ ಜೊತೆ ಹೋಲಿಸಿ ನೋಡಿದೆ, ಕೆತ್ತಿದ ಜಾಗದಲ್ಲಿ ಉಜ್ಜಿದ ಗುರುತು ಇರಲಿಲ್ಲ. ಬೀದರ್ ಗಾಡಿಯಾದರೂ ರಾಜ್ಯ ಒಂದೇ ಆದ್ದರಿಂದ ನಂಬರ್ ಬದಲಾಗಲಿಲ್ಲ. ಈಗಲೂ ಊರಲ್ಲಿ 'ಬೀದರ್ ಗಾಡಿ' ಅಂತಲೇ ಕರೆಯುತ್ತಾರೆ.

ಇನ್ಶೂರೆನ್ಸನ್ನು ಹದಿನಾಲ್ಕು ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿದೆವು. ಪಾಲಿಸಿ ಹಳೇ ಮಾಲೀಕರ ಹೆಸರಲ್ಲೇ ಇದ್ದರೆ ನಮ್ಮ ಗಾಡಿಗೆ ಆದ ಹಾನಿಗೆ ಕ್ಲೇಮ್ ಸಿಗುವುದು ಕಷ್ಟ. ಕ್ಲೇಮ್ ಮಾಡದ ವರ್ಷಗಳಿಗೆ ಹಳೇ ಮಾಲೀಕರಿಗೆ ಸಿಕ್ಕ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ನಮಗೆ ಬರುವುದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ. ಹೀಗಾಗಿ ಸ್ವಲ್ಪ ದುಡ್ಡು ಮೇಲೆ ಕಟ್ಟಬೇಕಾಯಿತು.

ಮನೆಗೆ ತಂದ ಮೇಲೆ ಪೂಜೆ ಮಾಡಿಸಿ, ಶರಣಬಸವೇಶ್ವರ ಗುಡಿಗೆ ಹೋಗಿ ಬಂದು, ಮರುದಿನವೇ ಉಸ್ತಾದ್ ಗ್ಯಾರೇಜಿಗೆ ಬಿಟ್ಟೆವು. ಎಂಜಿನ್ ಆಯಿಲ್, ಗೇರ್ ಆಯಿಲ್, ಹೌಸಿಂಗ್ ಆಯಿಲ್, ಕೂಲೆಂಟ್, ಎಲ್ಲ ಫಿಲ್ಟರ್ ಹೊಸದು. ಹಳೇ ಏರ್ ಫಿಲ್ಟರ್ ಬಡಿದರೆ ಧೂಳಿನ ಜೊತೆ ಬ್ರೆಡ್ಡಿನ ಕವರಿನ ಚೂರು ಬಿತ್ತು. ಆ ಕಪ್ಪು ಹೊಗೆ ಅದರಿಂದಲೇ ಇತ್ತು, ಫಿಲ್ಟರ್ ಬದಲಿಸಿದ ಮೇಲೆ ಕಾಣಲಿಲ್ಲ. ಕ್ಲಚ್ ಆಗಲೇ ಹಾಕಿಸಿಬಿಟ್ಟೆವು, ರಾಶಿ ಹೊತ್ತಿನಲ್ಲಿ ಕೈಕೊಟ್ಟರೆ ಯಾರ ಹತ್ತಿರ ಹೋಗೋದು? ಟೈರ್ ಎರಡು ಬದಲಾದವು. ಒಟ್ಟು ನಲವತ್ತು ಸಾವಿರದ ಹತ್ತಿರ ಬಂತು. ಹಳೇ ಗಾಡಿಗೆ ಕೈಯಲ್ಲಿರುವ ದುಡ್ಡೆಲ್ಲ ಸುರಿಯಬಾರದು, ಹತ್ತರಲ್ಲಿ ಒಂದು ಪಾಲು ಗ್ಯಾರೇಜಿಗೆ ಅಂತ ಎತ್ತಿಡಬೇಕು ಅಂತ ಉಸ್ತಾದ್ ಮೊದಲೇ ಹೇಳಿದ್ದರು, ಲೆಕ್ಕ ಹೆಚ್ಚುಕಮ್ಮಿ ಹಾಗೇ ಬಂತು.

ಮೇಲಿನ ಡಬ್ಬಿ ತೆಗೆಸಿ ಬಾಳೆಗೊನೆ ನಿಲ್ಲಿಸಲು ಪೈಪಿನ ಕಟಕಟೆ ಮಾಡಿಸಬೇಕು ಅಂತ ಅಣ್ಣ, ಡಬ್ಬಿ ಇರಲಿ ತೊಗರಿ ನೆನೆಯುವುದಿಲ್ಲ ಅಂತ ನಾನು. ಅದು ಇನ್ನೂ ತೀರ್ಮಾನ ಆಗಿಲ್ಲ. ಇನ್ನೊಂದು ವಿಷಯ ಬಿಟ್ಟುಹೋಗಿತ್ತು. ಫಾಸ್ಟ್ಯಾಗ್. ಗಾಜಿಗೆ ಅಂಟಿಸಿದ್ದು ಹಳೇ ಮಾಲೀಕರದು, ಟೋಲ್ ದಾಟಿದರೆ ದುಡ್ಡು ಅವರ ಖಾತೆಯಿಂದಲೇ ಹೋಗುತ್ತದೆ. ಅವರು ತಮ್ಮದನ್ನು ಬಂದ್ ಮಾಡಿಸದೆ ಅದೇ ಗಾಡಿಗೆ ನಮಗೆ ಹೊಸದು ಸಿಗುವುದಿಲ್ಲ. ಗಾಡಿ ಕೀಲಿ ತಗೊಳ್ಳುವ ದಿನವೇ ಅವರ ಮುಂದೆ ಕೂತು ಆ ಕೆಲಸ ಮುಗಿಸಿಕೊಂಡು ಬನ್ನಿ.